ಹಾಯಿದೋಣಿ ಗಂಗವ್ವ

ಬಮ್ಮಿಗಟ್ಟಿ,
೧೪ ನವೆಂಬರ್ ೧೯೭೫

ಪ್ರೀತಿಯ ಫಾತಿಮಾಗೆ,

ನಿನ್ನ ಸಾವಿತ್ರಿ ಮಾಡುವ ನಮಸ್ಕಾರಗಳು. ಕ್ಷೇಮ ಎಂದು ಬರೆಯುವುದು ರೂಢಿ. ಮೈ ಮಟ್ಟಿಗೆ ಕ್ಷೇಮವೇ. ನಿನ್ನ ಎರಡು ಪತ್ರ ಬಂದು ತಲುಪಿ ಬಹಳ ದಿನವಾಯಿತು. ಉತ್ತರ ಬರೆಯಲಿಲ್ಲ ಎಂದು ಸಿಟ್ಟಾಗಬೇಡ. ಈ ಮನೆಯಲ್ಲಿ ಒಬ್ಬಳೇ ಕೂತು ಬರೆಯಲು ಜಾಗವಿಲ್ಲ. ಪೆನ್ನು ಹಿಡಿದರೆ ಸಾಕು, “ಯಾರಿಗೆ ಬರ್ಯಾಕತ್ತೀಬೇ ಚಿಗವ್ವಾ?” ಎಂದು ಭಾವನವರ ಮಕ್ಕಳು ಮುತ್ತಿಕೊಳ್ಳುತ್ತಾರೆ. ಇವತ್ತು ಎಲ್ಲರೂ ಭತ್ತದ ಕೊಯ್ಲಿಗೆ ಹೋಗಿದ್ದಾರೆ. ನಾನು ತಲೆನೋವೆಂದು ಸುಳ್ಳು ಹೇಳಿ ಉಳಿದುಕೊಂಡೆ.

ನಿನ್ನ ಮಗಳಿಗೆ ಗಂಡು ನೋಡುತ್ತಿದ್ದೀರಿ ಎಂದು ಓದಿ ಬಹಳ ಸಂತೋಷವಾಯಿತು. ಕಾರವಾರದ ಬೈತಖೋಲದಲ್ಲಿ ಒಂದೇ ಗೋಡೆಯ ಆಚೆ ನೀನು, ಈಚೆ ನಾನು ಸಂಸಾರ ಮಾಡುವಾಗ ಅವಳು ನನ್ನ ಮಡಿಲಲ್ಲೇ ಬೆಳೆದವಳು. ನಮಗಂತೂ ಮಕ್ಕಳಾಗಲಿಲ್ಲ. ಆ ಕೊರತೆ ನನಗೆ ಅಲ್ಲಿ ಎಂದೂ ಕಾಡಿರಲಿಲ್ಲ. ಇಲ್ಲಿ ದಿನಕ್ಕೊಬ್ಬರು ನೆನಪು ಮಾಡಿಕೊಡುತ್ತಾರೆ.

ಈಗ ಮುಖ್ಯ ವಿಷಯ. ಗಂಗವ್ವನನ್ನು ಮಾರುವುದೆಂದು ತೀರ್ಮಾನವಾಗಿದೆ.

ಹೋದ ವಾರ ಭಾವನವರು ಊಟಕ್ಕೆ ಕೂತಾಗ ಮಾತು ತೆಗೆದರು. “ತಮ್ಮಾ, ದೋಣಿ ಅಲ್ಲಿ, ನೀ ಇಲ್ಲಿ. ಒಂದ ಕಾಲ ನೀರಾಗ ಒಂದ ಕಾಲ ಹೊಲದಾಗ ಇಟ್ಟರ ಎಷ್ಟ ದಿವಸ ನಿಂದರತೀ? ಮಾರಿಬಿಡು. ಮನಸ ಒಂದ ಕಡೆ ಆಕ್ಕೈತಿ.”

ನಮ್ಮವರು ರೊಟ್ಟಿ ಮುರಿಯುತ್ತಲೇ “ಆತಣ್ಣಾ” ಅಂದರು. ಅಷ್ಟೇ. ನಾನು ಪಲ್ಯ ಬಡಿಸುತ್ತ ಅಲ್ಲೇ ನಿಂತಿದ್ದೆ. ನನ್ನ ಕಡೆ ನೋಡಲಿಲ್ಲ.

ಭಾವ ಈರಬಸಪ್ಪನವರು ಕೆಟ್ಟವರೆಂದು ತಿಳಿಯಬೇಡ. ಮಾವ ತೀರಿಕೊಂಡ ಮೇಲೆ ಅಷ್ಟು ದೊಡ್ಡ ಹೊಲಮನೆಯನ್ನು ಒಬ್ಬರೇ ನೋಡಿಕೊಂಡವರು. ಮೊಣಕಾಲು ಹಿಡಿದುಕೊಂಡ ಮೇಲೆ ತಾನೇ ತಮ್ಮನನ್ನು ಕರೆಸಿದ್ದು. ಅವರ ಹೆಂಡತಿ, ನನ್ನ ನೆಗೆಣ್ಣಿ ರೇವವ್ವನಂತೂ ತಾನು ಉಣ್ಣುವ ಮೊದಲು ನನ್ನ ತಾಟು ನೋಡುತ್ತಾಳೆ. ಯಾರ ಮೇಲೆ ಸಿಟ್ಟು ಮಾಡಲಿ ಹೇಳು? ಒಬ್ಬರಾದರೂ ಹೊಡೆಯುವವರೋ ಬೈಯುವವರೋ ಇದ್ದಿದ್ದರೆ ಜಗಳವಾಡಿ ಹೊರಗೆ ಬರಬಹುದಿತ್ತು.

ನಿನಗೆ ಒಂದು ಮಾತು ನಾನು ಹೇಳಿರಲಿಲ್ಲ. ಎರಡು ವರ್ಷದ ಹಿಂದೆ ಊರಿಗೆ ಬರುವಾಗ, ಬಸ್ಸು ಯಲ್ಲಾಪುರ ದಾಟಿದ ಮೇಲೆ ಇವರು ಮೆಲ್ಲಗೆ ಹೇಳಿದರು: “ನೀ ದೋಣಿ ನಡಸತಿದ್ದಿ ಅನ್ನೂದು ಮನ್ಯಾಗ ಯಾರಿಗೂ ಗೊತ್ತಿಲ್ಲ. ಗೊತ್ತಾಗೂದು ಬ್ಯಾಡ. ಅಣ್ಣ ತಲಿ ಎತ್ತಿ ತಿರುಗ್ಯಾಡೂದು ಕಷ್ಟ ಆಕ್ಕೈತಿ.” ನಾನು ಹೂಂ ಅಂದೆ. ಮನೆಯ ಸೊಸೆ ಕಚ್ಚೆ ಹಾಕಿ, ತಲೆಯ ಮೇಲೆ ಸೆರಗಿಲ್ಲದೆ, ಮೀನುಗಾರರ ನಡುವೆ ಹಾಯಿ ಏರಿಸುತ್ತಿದ್ದಳು ಅಂದರೆ ಈ ಊರಲ್ಲಿ ಏನಾದೀತೆಂದು ನನಗೂ ಗೊತ್ತಿತ್ತು. ಇವರು ಬಿಡುವಿದ್ದಾಗ ಗಾಳಿ ತಿನ್ನಲು ಒಂದು ದೋಣಿ ಇಟ್ಟುಕೊಂಡಿದ್ದಾರೆಂದೇ ಮನೆಯವರೆಲ್ಲ ತಿಳಿದಿದ್ದಾರೆ.

ಆ ದೋಣಿಯನ್ನು ಇವರು ಕೊಂಡಾಗ ನಾನೆಷ್ಟು ಅತ್ತಿದ್ದೆ, ನೆನಪಿದೆಯೇ? ಗೋವಾ ಬಿಟ್ಟು ತನ್ನ ದೇಶಕ್ಕೆ ಹೊರಟಿದ್ದ ಪೋರ್ತುಗೀಜ ಸಾಹೇಬನ ಹಳೆಯ ದೋಣಿ, ಒಳಗೆ ಎರಡು ಮಂಚದ ಪುಟ್ಟ ಕೋಣೆ. ಅರ್ಧ ಹಲಗೆ ಕೊಳೆತಿತ್ತು. ಇವರು ಬಂದರಿನ ಮೆಕ್ಯಾನಿಕ್ ಕೆಲಸ ಮುಗಿಸಿ ಬಂದು, ನಿನ್ನ ಯಜಮಾನರು ರಹಿಮಾನಸಾಬರ ಜತೆ ಎರಡು ಮಳೆಗಾಲ ಕೂತು ಸಾಗವಾನಿ ಹಲಗೆ ಕೂಡಿಸಿದರು. ಕುಬಿಹಾಳದ ಎರೆಮಣ್ಣಿನಲ್ಲಿ ಬೆಳೆದ ನನಗೆ ಭಾವಿ, ಕೆರೆ ಬಿಟ್ಟರೆ ಬೇರೆ ನೀರು ಗೊತ್ತಿರಲಿಲ್ಲ. ಕೂರ್ಮಗಡ ದ್ವೀಪದ ಹತ್ತಿರ ಗಾಳಿ ಎದ್ದ ದಿನ, ಇವರು ಒಳಗೆ ಎಂಜಿನ್ ಬಿಚ್ಚಿಕೊಂಡು ಕೂತಿದ್ದರು, ರಹಿಮಾನಸಾಬರು ಹಾಯಿಯ ಹಗ್ಗ ಹಿಡಿದಿದ್ದರು. ಚುಕ್ಕಾಣಿ ಹಿಡಿಯಲು ಬೇರೆ ಕೈ ಇರಲಿಲ್ಲ. “ಅಕ್ಕಾ, ಹಿಡೀರಿ!” ಎಂದು ಕೂಗಿದರು. ಹಿಡಿದೆ. ಅವತ್ತು ಹಿಡಿದದ್ದನ್ನು ಮತ್ತೆ ಬಿಡಲೇ ಇಲ್ಲ. ಗೋಕರ್ಣ, ಹೊನ್ನಾವರ, ಒಮ್ಮೆ ಮಲ್ಪೆಯ ತನಕ ನಾನೇ ನಡೆಸಿದೆ. ಇವರು ಪಕ್ಕದಲ್ಲಿ ಕೂತು ಅವಲಕ್ಕಿ ತಿನ್ನುತ್ತ “ಸಾವಿತ್ರೀ, ಪಿಂಚಣಿ ಆದಮ್ಯಾಲೆ ಇದರಾಗ ಇದ್ದುಬಿಡೂಣು” ಅನ್ನುತ್ತಿದ್ದರು.

ಫಾತಿಮಾ, ಒಂದು ಉಪಕಾರ ಕೇಳುತ್ತೇನೆ. ಈ ಸಲ ಗಂಗವ್ವನಿಗೆ ಬಣ್ಣ ಬಳಿಯಬೇಡಿ ಎಂದು ರಹಿಮಾನಸಾಬರಿಗೆ ಹೇಳು. ಮಳೆಗೆಂದು ಮೇಲೆ ಹೊದಿಸಿದ ತೆಂಗಿನ ಮಡಲನ್ನೂ ತೆಗೆಯುವುದು ಬೇಡ. ನೋಡಲು ಬಂದವರಿಗೆ ತಳ ಸೋರುತ್ತದೆ ಎಂದು ಹೇಳಲಿ. ಬಂದವರು ಹಾಗೇ ಹೋಗಲಿ. ಬರೆಯಬಾರದ ಮಾತು, ಆದರೂ ಬರೆದೆ.

ಮಾರುವ ಮೊದಲು ನನ್ನನ್ನು ಒಮ್ಮೆ ಕಾರವಾರಕ್ಕೆ ಕರೆದುಕೊಂಡು ಹೋಗುವುದಾಗಿ ಇವರು ಮಾತು ಕೊಟ್ಟಿದ್ದಾರೆ. ಅದೊಂದೇ ಸಮಾಧಾನ. ಹೊಲದಿಂದ ಗಾಡಿ ಬಂದ ಸಪ್ಪಳ ಕೇಳುತ್ತಿದೆ. ಮುಗಿಸುತ್ತೇನೆ.

ನಿನ್ನ
ಸಾವಿತ್ರಿ


ಬಮ್ಮಿಗಟ್ಟಿ,
೯ ಫೆಬ್ರವರಿ ೧೯೭೬

ಪ್ರೀತಿಯ ಫಾತಿಮಾಗೆ,

ಮದುವೆ ನಿಶ್ಚಯವಾದ ಸುದ್ದಿ ತಿಳಿದು ಕಣ್ಣು ತುಂಬಿ ಬಂತು. ತಡವಾಗಿ ಹರಸುತ್ತಿದ್ದೇನೆ, ಮನ್ನಿಸು. ಈ ಸಲದ ತಡಕ್ಕೆ ಮನೆಯ ಗದ್ದಲ ಕಾರಣವಲ್ಲ. ಏನು ಬರೆಯಬೇಕೆಂದೇ ತಿಳಿಯದೆ ಕೂತಿದ್ದೆ.

ನನ್ನ ಮಾತನ್ನು ನೀವು ಕೇಳಲಿಲ್ಲ. ಜೀವ ಕಾದ ದೋಣಿಯ ಮೇಲೆ ಸುಳ್ಳು ಹೇಳಲಾರೆ ಎಂದು ರಹಿಮಾನಸಾಬರು ಅಂದರಂತೆ, ಮೊದಲಿಗಿಂತ ಚೆಂದ ಬಣ್ಣ ಬಳಿದು ನೀರಿಗಿಳಿಸಿದರಂತೆ. ಓದಿದಾಗ ಬಹಳ ಸಿಟ್ಟು ಬಂತು. ಆಮೇಲೆ, ಅದು ಹೊಳೆಯುತ್ತ ನಿಂತದ್ದನ್ನು ನೆನೆಸಿಕೊಂಡೆ. ಅವರು ಮಾಡಿದ್ದೇ ಸರಿ.

ಅದನ್ನು ನೋಡಿಹೋದ ಬೆಳಗಾವಿಯ ಡಾಕ್ಟರರು ಹೋದ ಭಾನುವಾರ ಜೀಪಿನಲ್ಲಿ ಇಲ್ಲಿಗೇ ಬಂದರು. ಹಿಂದೆ ನೌಕಾಪಡೆಯಲ್ಲಿದ್ದವರಂತೆ. ಪಡಸಾಲೆಯಲ್ಲಿ ಭಾವನವರು, ಇವರು, ಡಾಕ್ಟರರು ಕೂತರು. ನಾನೂ ರೇವವ್ವನೂ ಅಡಿಗೆಮನೆಯಲ್ಲಿದ್ದೆವು. ನಡುವೆ ಒಂದೇ ಗೋಡೆ, ಎಲ್ಲ ಮಾತೂ ಕೇಳುತ್ತಿತ್ತು.

“ಇಷ್ಟ ಹಳೇ ದೋಣಿ ಇಷ್ಟ ಛೊಲೊ ಇಟ್ಟದ್ದನ್ನ ನಾ ಎಲ್ಲೂ ನೋಡಿಲ್ರಿ,” ಅಂದರು ಡಾಕ್ಟರರು. “ಹಾಯಿಗೆ ಹಾಕಿದ ಹೊಲಿಗಿ ಅಂತೂ ಅಗದಿ ಕಸೂತಿ ಹಾಕಿದಂಗ ಅದಾವ. ಯಾವಾಗ ಹೊಲಿಸಿದ್ರಿ?”

ಇವರು ಕೆಮ್ಮಿದರು. “ನೀರ ತರತೀನ್ರಿ” ಎಂದು ಎದ್ದು ಒಳಗೆ ಬಂದರು. ತಂಬಿಗೆ ಕೈಯಲ್ಲಿ ಹಿಡಿದು ನನ್ನ ಕಿವಿಯ ಹತ್ತಿರ, “ಯಾವಾಗ ಹೊಲದಿದ್ದಿ?” ಎಂದು ಕೇಳಿದರು. ನಾವು ಊರಿಗೆ ಬರುವ ಹಿಂದಿನ ದೀಪಾವಳಿಯಲ್ಲಿ, ದಾರ ಹೊನ್ನಾವರದ್ದು ಎಂದೆ. ಹೊರಗೆ ಹೋಗಿ ಅದನ್ನೇ ಹೇಳಿದರು.

ಸ್ವಲ್ಪ ಹೊತ್ತಿಗೆ ಮತ್ತೆ ಬಂದರು, ಈ ಸಲ ಎಲೆಅಡಿಕೆ ಬೇಕೆಂದು. “ಗಾಳಿ ಜೋರಾದರ ಎಡಕ್ಕ ವಾಲತೈತಿ ಅಂತ ರಹಿಮಾನ ಹೇಳ್ಯಾನಂತ. ಆವಾಗ ಏನ ಮಾಡಬೇಕು ಅಂತ ಕೇಳಾಕತ್ತಾರ.”

“ಬಿಗಿ ಹಿಡಿಬ್ಯಾಡ್ರಿ ಅಂತ ಹೇಳ್ರಿ,” ಎಂದೆ. “ಬಿಗಿ ಹಿಡದರ ಕೊಸರತಾಳ. ಚುಕ್ಕಾಣಿ ಸ್ವಲ್ಪ ಸಡಲ ಬಿಟ್ಟರ ತಾನ ಎದ್ದ ನಿಂದರತಾಳ.”

ಗೋಡೆಯಾಚೆ ನನ್ನ ಮಾತು ಇವರ ದನಿಯಲ್ಲಿ ಕೇಳಿತು, ಒಂದಕ್ಷರ ಬಿಡದೆ. ಡಾಕ್ಟರರು ತೊಡೆ ತಟ್ಟಿ, “ಭೇಷ್! ಕೈಗೆ ಗೊತ್ತಿದ್ದವರ ಮಾತಿದು,” ಅಂದರು. ಭಾವನವರು ಹೆಮ್ಮೆಯಿಂದ ನಕ್ಕರು.

ರೇವವ್ವ ಒಲೆಯ ಮುಂದೆ ಕೂತು ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಎಲ್ಲ ತಿಳಿಯಿತು. ಎದ್ದು ಹೋಗಿ ಒಳಕಲ್ಲಿನಲ್ಲಿ ಒಣ ಮೆಣಸಿನಕಾಯಿ ಹಾಕಿ ಜೋರಾಗಿ ಕುಟ್ಟತೊಡಗಿದಳು, ನಾವು ಪಿಸುಗುಟ್ಟುವುದು ಹೊರಗೆ ಕೇಳಬಾರದೆಂದು.

ಇವರು ಮತ್ತೊಮ್ಮೆ ಒಳಗೆ ಬಂದರು. ನೀರಿನ ಕೊಡದ ಹತ್ತಿರ ಸುಮ್ಮನೆ ನಿಂತರು. “ಸಾವಿತ್ರೀ,” ಅಂದರು. ಈ ಮನೆಗೆ ಬಂದ ಮೇಲೆ ನನ್ನ ಹೆಸರು ಅವರ ಬಾಯಲ್ಲಿ ಬಂದದ್ದು ಅದೇ ಮೊದಲು. ಇಲ್ಲಿ ನಾನು ‘ಏ ಇಕಿ’. ಹೇಳ್ರಿ ಎಂದು ಕಾದೆ. ಅಷ್ಟರಲ್ಲಿ ಹೊರಗಿನಿಂದ “ತಮ್ಮಾ, ಬಾ, ಮುಗಿಸಿಬಿಡೂಣು” ಎಂದು ಭಾವ ಕೂಗಿದರು. ಹೋದರು. ವ್ಯವಹಾರ ಮುಗಿಯಿತು.

ಜೀಪು ಹೋದ ಮೇಲೆ ಹಿತ್ತಲಲ್ಲಿ ಕೇಳಿದೆ, ಕಾರವಾರಕ್ಕೆ ಯಾವತ್ತು ಹೋಗೂಣು ಎಂದು. ನನ್ನ ಎರಡು ಸೀರೆ ಗಂಟು ಕಟ್ಟಿಟ್ಟಿದ್ದೆ.

“ನಾನೂ ಹೋಗೂದಿಲ್ಲ,” ಅಂದರು. “ಡಾಕ್ಟರು ರಹಿಮಾನನ ಕಡೆ ಚಾವಿ ಇಸಕೋತಾರ.”

“ಮಾತ ಕೊಟ್ಟಿದ್ರಿ.”

ಎಮ್ಮೆಗೆ ಹುಲ್ಲು ಹಾಕುತ್ತಿದ್ದವರು ಕೈ ನಿಲ್ಲಿಸಿದರು. “ಅಲ್ಲಿಗೆ ಹೋದರ ನಾ ತಿರುಗಿ ಬರೂದಿಲ್ಲ ಸಾವಿತ್ರೀ. ಅದಕ್ಕ ಹೋಗೂದಿಲ್ಲ.”

ಅವರ ಮೇಲೂ ಸಿಟ್ಟು ಮಾಡಲು ಆಗದಂತೆ ಮಾಡಿಬಿಟ್ಟರು, ನೋಡು.

ಮಂಗಳವಾರ ಕಲಘಟಗಿ ಸಂತೆಗೆ ರೇವವ್ವನ ಜತೆ ಹೋಗಿದ್ದೆ. ಹುಬ್ಬಳ್ಳಿಯಿಂದ ಬಂದ ಕಾರವಾರದ ಬಸ್ಸು ನಿಂತಿತ್ತು. ಕಂಡಕ್ಟರ್ “ಯಲ್ಲಾಪುರ, ಅಂಕೋಲಾ, ಕಾರವಾರ!” ಎಂದು ಕೂಗುತ್ತಿದ್ದ. ಮೇಲೆ ಯಾರದೋ ಖಾಲಿ ಮೀನಿನ ಬುಟ್ಟಿಗಳಿದ್ದವು. ಜನ ಮೂಗು ಮುಚ್ಚಿಕೊಂಡು ಹತ್ತುತ್ತಿದ್ದರು. ನಾನು ಹತ್ತಿರ ಹೋಗಿ ಎದೆತುಂಬ ಆ ವಾಸನೆ ಎಳೆದುಕೊಂಡೆ. ಬಾಗಿಲ ಸರಳು ಹಿಡಿದದ್ದು ನನಗೇ ಗೊತ್ತಿಲ್ಲ. “ಹತ್ರಬೇ, ಲಗೂನ!” ಅಂದ ಕಂಡಕ್ಟರ್.

ರೇವವ್ವ ಬಂದು ಪಕ್ಕದಲ್ಲಿ ನಿಂತಳು. ಎಳೆಯಲಿಲ್ಲ, ಬೈಯಲಿಲ್ಲ. ನನ್ನ ಕೈಯಿಂದ ಸಂತೆಯ ಚೀಲ ತೆಗೆದುಕೊಂಡು, “ಬಿಸಲ ಏರೈತಿ ತಂಗೀ, ಹೋಗೂಣು ಬಾ,” ಅಂದಳು. ಚೀಲವನ್ನು ಬಗಲಿಗೇರಿಸಿ, “ನೀ ಹ್ವಾದಿ ಅಂದರ ನಾ ಒಬ್ಬಾಕೀನ ಉಳೀತೇನವಾ ಈ ಮನ್ಯಾಗ,” ಅಂದಳು. ಸರಳು ಬಿಟ್ಟೆ. ಬಸ್ಸು ಹೋಯಿತು.

ಇನ್ನು ನಿನ್ನ ಕೆಲಸ. ಕೋಣೆಯೊಳಗಿನ ಸ್ಟೋವನ್ನೂ ತಾಮ್ರದ ಪಾತ್ರೆಯನ್ನೂ ಡಾಕ್ಟರರು ಬರುವ ಮೊದಲು ನೀನು ತೆಗೆದುಕೋ, ಮಗಳಿಗೆ ಕೊಡು. ನನ್ನ ಕಡೆಯಿಂದ ಉಡಿ ತುಂಬಿದಂತೆ. ಅವಳು ನೂರು ಕಾಲ ಗಂಡನ ಜತೆ ನಗುತ್ತ ಬಾಳಲಿ, ಎಲ್ಲಿದ್ದರೂ ಅವಳ ಹೆಸರು ಹಿಡಿದು ಕರೆಯುವವರು ಇರಲಿ. ದೋಣಿ ಹೊರಡುವ ದಿನ ನೀನು ಬಂದರಿನ ಧಕ್ಕೆಗೆ ಹೋಗಿ ನಿಲ್ಲು. ಗಾಳಿ ಯಾವ ಕಡೆಯಿತ್ತು, ಹೇಗೆ ಹೋದಳು, ಕಾಣುವ ತನಕ ನೋಡಿ ನನಗೆ ಬರೆ. ರಹಿಮಾನಸಾಬರಿಗೆ ನನ್ನ ಶರಣು.

ನಿನ್ನ
ಸಾವಿತ್ರಿ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಒಂದು ಮಾತು ಬಿಟ್ಟಿದ್ದೆ. ವ್ಯವಹಾರ ಮುಗಿದ ಮೇಲೆ ಡಾಕ್ಟರರು ಇವರನ್ನು ಕೇಳಿದರು: “ನಿಮ್ಮ ಮನ್ಯಾಗಿನವರೂ ಬರತಿದ್ರೇನ್ರಿ ದೋಣಿಯೊಳಗ?” ಭಾವ ಎದುರಿಗೇ ಕೂತಿದ್ದರು. ಇವರು, “ಏ, ಇಲ್ರಿ. ಅಕಿ ನೀರಂದರ ಅಂಜತಾಳ. ಒಮ್ಮೆನೂ ಕಾಲ ಇಟ್ಟಾಕಿ ಅಲ್ಲ,” ಅಂದರು. ಅಷ್ಟು ಹೊತ್ತಿಗೆ ನಾನು ಚಹಾ ಹಿಡಿದು ಹೊಸ್ತಿಲ ಮೇಲೆ ನಿಂತಿದ್ದೆ. ಡಾಕ್ಟರರು ನನ್ನ ಕಡೆ ತಿರುಗಿ ನಗುತ್ತ, “ಹೌದೇನ್ರಿ ಅಕ್ಕಾರ? ಅಷ್ಟ ಅಂಜಿಕೀನ?” ಎಂದು ಕೇಳಿದರು. ಇವರು ನನ್ನ ಮುಖವನ್ನೇ ನೋಡುತ್ತಿದ್ದರು. ಭಾವನವರೂ ನೋಡಿದರು. ಒಳಗೆ ಕುಟ್ಟುವ ಸಪ್ಪಳ ನಿಂತಿತು.

ನಾನು “ಹೌದ್ರಿ” ಅಂದೆ. ಚಹಾ ಕೊಟ್ಟು ಒಳಗೆ ಬಂದೆ.