ಹದಿನೆಂಟು ತುಂಬದವರು ಕೈ ಎತ್ತಿ

ಮನೆ, ಮಹಡಿ ಮೆಟ್ಟಿಲು
ತಾರೀಖು ಹದಿನಾಲ್ಕು, ಸೋಮವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಮೆಟ್ಟಿಲ ಮೇಲೆ ಜಾಗ ಸಾಲದ ಕಾರಣ ಅರ್ಧ ಮಾತ್ರ ಬಗ್ಗಿ ಮಾಡಿದ ನಮಸ್ಕಾರಗಳು. ಮೊದಲು ನಿನ್ನ ಆರೋಗ್ಯದ ವಿಚಾರ. ಕೆಮ್ಮು ನಿಂತಿತೇ? ಗೊರಕೆ ಹೊಡೆಯುವ ಆ ಜೊತೆಗಾತಿಗೆ ಹಾಸ್ಟೆಲಿನವರು ಬೇರೆ ಕೋಣೆ ಕೊಟ್ಟರೇ, ಇಲ್ಲ ನೀನೂ ಕಲಿತು ಈಗ ಇಬ್ಬರೂ ಜುಗಲ್‌ಬಂದಿ ನಡೆಸುತ್ತಿದ್ದೀರೋ? ದಿನವಿಡೀ ಊರವರ ರಕ್ತ ಪರೀಕ್ಷೆ ಮಾಡುವುದನ್ನು ಕಲಿಯುತ್ತಿರುವವಳು ನಿನ್ನ ಮೈಯಲ್ಲೂ ಒಂದಿಷ್ಟು ಉಳಿದಿದೆಯೋ ಇಲ್ಲವೋ ನೋಡಿಕೋ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ನಾನೂ ಬರೆದಿದ್ದೇನೆ. ಓದಿಕೋ, ನಂಬಬೇಡ.

ನನ್ನ ಉದ್ಯೋಗ ನಿನಗೆ ಗೊತ್ತೇ ಇದೆ. ನಿನ್ನ ಯಜಮಾನರು ಮ್ಯಾನೇಜರಾಗಿ ಮೆರೆಯುತ್ತಿರುವ ಟಾಕೀಸಿನಲ್ಲಿ ಇಂಟರ್‌ವಲ್ ಹೊತ್ತಿಗೆ ತೋರಿಸುವ ಜಾಹೀರಾತು ಸ್ಲೈಡುಗಳನ್ನು ತಯಾರಿಸುವ ಘನಕಾರ್ಯ ಈಗಲೂ ನನ್ನದೇ. ಕನ್ನಡಕದಂಗಡಿ, ಟ್ಯೂಷನ್ ಮೇಷ್ಟ್ರು, ತಿಗಣೆ ಔಷಧಿ, ಈ ಮೂವರ ಕೀರ್ತಿ ನನ್ನಿಂದಲೇ ಊರಿಗೆ ಹಬ್ಬಿದೆ. ಎರಡು ವಾರದಿಂದ ಅಲ್ಲಿ ಒಂದು ಸಿನಿಮಾ ಓಡುತ್ತಿದೆ. ಅದರ ಹೆಸರು ಬರೆದು ಈ ಕಾಗದವನ್ನು ಹೊಲಸು ಮಾಡಲಾರೆ. ಹದಿನೆಂಟು ತುಂಬಿದವರಿಗೆ ಮಾತ್ರ ಎಂಬ ಸರ್ಟಿಫಿಕೇಟು ಪಡೆದಿರುವ ಸಿನಿಮಾ. ಆ ಸರ್ಟಿಫಿಕೇಟು ಹೇಗೆ ಬರುತ್ತದೆಂದು ನನಗೆ ಪಾಠ ಹೇಳಿದವರೂ ಭಾವನೇ. ನಾನಾ ಕಸುಬಿನ ನಾಲ್ಕೈದು ಜನ, ಒಬ್ಬ ಡಾಕ್ಟರು, ಒಬ್ಬ ಮೇಷ್ಟ್ರು, ಮಕ್ಕಳನ್ನು ಸಾಕಿ ಸುಸ್ತಾದ ಒಬ್ಬ ತಾಯಿ, ಪುಟ್ಟ ಕೋಣೆಯಲ್ಲಿ ಕೂತು ಮೊದಲಿಂದ ಕೊನೆಯವರೆಗೆ ನೋಡುತ್ತಾರಂತೆ. ಎದ್ದು ಹೋಗುವಂತಿಲ್ಲ, ಕಣ್ಣು ಮುಚ್ಚುವಂತಿಲ್ಲ. ಎಲ್ಲಿ ರಕ್ತ, ಎಲ್ಲಿ ಬೈಗುಳ, ಎಲ್ಲಿ ಹೆದರಿಕೆ ಎಂದು ಗುರುತು ಹಾಕಿಕೊಂಡು ಆಮೇಲೆ ಜಗಳವಾಡಿ ತೀರ್ಮಾನಿಸುತ್ತಾರೆ: ಎಲ್ಲರೂ ನೋಡಬಹುದೋ, ಮಕ್ಕಳು ದೊಡ್ಡವರ ಪಕ್ಕ ಕೂತು ನೋಡಬಹುದೋ, ದೊಡ್ಡವರು ಮಾತ್ರವೋ. ಕೆಲವು ನಿರ್ಮಾಪಕರು ಎರಡು ಕೊಲೆ ಕತ್ತರಿಸಿ ವಯಸ್ಸು ಇಳಿಸಿಕೊಳ್ಳುತ್ತಾರಂತೆ, ತರಕಾರಿ ಚೌಕಾಸಿಯ ಹಾಗೆ. ಏನೇ ಇರಲಿ, ನಮ್ಮ ಮಕ್ಕಳು ನೋಡಬಾರದ್ದನ್ನು ಯಾರೋ ಪುಣ್ಯಾತ್ಮರು ಮೊದಲೇ ನೋಡಿ, ಎಚ್ಚರಿಕೆ ಬರೆದು ಕಳಿಸಿರುತ್ತಾರೆ.

ಆ ಎಚ್ಚರಿಕೆಗೆ ನಮ್ಮ ಟಾಕೀಸಿನಲ್ಲಿ ಸಲ್ಲುವ ಮರ್ಯಾದೆಯನ್ನು ಈಗ ಕೇಳು. ಹಿಂದೊಮ್ಮೆ ತಪಾಸಣೆಯ ಅಧಿಕಾರಿಯೊಬ್ಬರು ಬಂದು, ತೆರೆಯ ಮೇಲೆ ಸರ್ಟಿಫಿಕೇಟು ಮೂಡಿದಾಗ ಹಾಲಿನ ಸುತ್ತ ಕಣ್ಣು ಹಾಯಿಸಿ, ಮಕ್ಕಳಿಲ್ಲ ಎಂದು ತೃಪ್ತರಾಗಿ ಹೊರಟುಹೋದರಂತೆ. ಅವತ್ತಿನಿಂದ ಇಲ್ಲಿ ಒಂದು ಪದ್ಧತಿ. ಮಕ್ಕಳನ್ನು ಪಾಪ್‌ಕಾರ್ನ್ ಕೌಂಟರಿನ ಹತ್ತಿರ ಸಾಲಾಗಿ ನಿಲ್ಲಿಸುವುದು. ಸರ್ಟಿಫಿಕೇಟು ತೆರೆಯಿಂದ ಮಾಯವಾದ ಕೂಡಲೇ ಗೇಟಿನವನು ಟಾರ್ಚು ಬೀಸಿ, ‘ಈಗ ನುಗ್ಗಿ ಮಕ್ಕಳೇ’ ಎನ್ನುವುದು. ಇದೇನು ಭಾವ ಎಂದು ಕೇಳಿದ್ದಕ್ಕೆ, ‘ಸರ್ಟಿಫಿಕೇಟ್ ತೋರಿಸೋವಾಗ ಒಳಗೆ ಒಂದು ಮಗುನೂ ಇರಲಿಲ್ಲ ಕಣೋ, ಕಾನೂನು ಕೇಳೋದು ಅಷ್ಟೇ’ ಅಂದರು. ವಿಷದ ಬಾಟಲಿಯ ಚೀಟಿ ಕಿತ್ತುಹಾಕಿ ಆಮೇಲೆ ಕುಡಿಸುವ ಈ ಜಾಣತನಕ್ಕೆ ಎದ್ದು ನಿಂತು ಚಪ್ಪಾಳೆ ತಟ್ಟಬೇಕೆನಿಸಿತು, ಅಕ್ಕಾ.

ನಿನ್ನೆಯದಲ್ಲ, ಅದರ ಹಿಂದಿನ ಭಾನುವಾರ ನಾನು ಸ್ಲೈಡು ಹಂಚಲು ಪಕ್ಕದ ಊರಿಗೆ ಹೋಗಿದ್ದೆ. ಮನೆಯಲ್ಲಿ ಯಾರೂ ಇಲ್ಲವೆಂದು ಭಾವ ಗುಬ್ಬಿಯನ್ನು ಟಾಕೀಸಿಗೆ ಕರೆದೊಯ್ದರು. ಆರು ವರ್ಷದ ಮಗು, ಎಸಿಯಲ್ಲಿ ಹಾಯಾಗಿ ನಿದ್ದೆ ಮಾಡುತ್ತೆ ಎಂಬುದು ಅವರ ಲೆಕ್ಕಾಚಾರ. ಉಳಿದ ಮಕ್ಕಳ ಸಾಲಿನಲ್ಲಿ ಅವಳನ್ನೂ ಒಳಗೆ ಬಿಟ್ಟು ತಾವು ಆಫೀಸಿನಲ್ಲಿ ಕೂತರು. ನಿನ್ನ ಮಗಳು ನಿದ್ದೆ ಮಾಡಲಿಲ್ಲ. ಆ ಸಿನಿಮಾದಲ್ಲಿ ಒಬ್ಬ ಅಪ್ಪ ಇದ್ದಾನೆ. ಬಹಳ ಒಳ್ಳೆಯ ಅಪ್ಪ. ಮಗಳ ಬೆನ್ನ ಹಿಂದೆ ಕೂತು, ಹಾಡು ಗುನುಗುತ್ತಾ, ಜಡೆ ಹೆಣೆಯುತ್ತಾನೆ. ಜಡೆ ಮುಗಿದ ಮೇಲೆ ಏನು ಮಾಡುತ್ತಾನೆಂದು ನಾನು ಬರೆಯುವುದಿಲ್ಲ. ಅದನ್ನು ಯೋಚಿಸಿದವನಿಗೆ, ಚಿತ್ರಿಸಿದವನಿಗೆ, ಅದಕ್ಕೆ ಇಂಪಾದ ಸಂಗೀತ ಕೂರಿಸಿದ ಮಹಾನುಭಾವನಿಗೆ ತಲೆಗೊಂದರಂತೆ ತಿಗಣೆ ಔಷಧಿ ಬಾಟಲಿ ಪಾರ್ಸಲ್ ಕಳಿಸೋಣ ಎನಿಸಿದೆ. ನಮ್ಮಂಥವರು ಹೊರಬಂದು, ಆ ನಟ ಬಣ್ಣ ತೊಳೆದುಕೊಂಡು ಮನೆಗೆ ಹೋಗಿರುತ್ತಾನೆ ಬಿಡು ಅಂದುಕೊಳ್ಳುತ್ತೇವೆ. ಮಗುವಿಗೆ ಹಾಗಲ್ಲ. ಅವನು ಅದರ ಮನೆಗೇ ಬರುತ್ತಾನೆ.

ಮರುದಿನ ಬೆಳಗ್ಗೆ ಭಾವ ಬಾಚಣಿಗೆ ಹಿಡಿದು ಎಂದಿನಂತೆ ‘ಬಾ ಗುಬ್ಬಿ, ಜಡೆ’ ಅಂದರು. ಅವಳು ಗೋಡೆಗೆ ಬೆನ್ನು ಒತ್ತಿ ನಿಂತಳು. ಅಳಲಿಲ್ಲ, ಕಿರುಚಲಿಲ್ಲ, ಬೆನ್ನು ಮಾತ್ರ ಬಿಟ್ಟುಕೊಡಲಿಲ್ಲ. ಕೂದಲು ಕೆದರಿಕೊಂಡೇ ಶಾಲೆಗೆ ಹೋದಳು. ಅಂದಿನಿಂದ ದಿನವೂ ಹೀಗೇ. ಅಪ್ಪ ಕೋಣೆಗೆ ಬಂದರೆ ಮೂಲೆ ಹುಡುಕುತ್ತಾಳೆ, ಊಟಕ್ಕೆ ಅವರ ಎದುರೇ ಕೂರುತ್ತಾಳೆ, ಅವರ ಕೈಗಳು ತನಗೆ ಕಾಣುವ ಹಾಗೆ. ಭಾವ ಗಟ್ಟಿ ದನಿಯಲ್ಲಿ, ‘ಹಟ ಮಾಡ್ತಾಳೆ ಅಷ್ಟೇ, ಅಮ್ಮ ಇಲ್ವಲ್ಲ’ ಎನ್ನುತ್ತಾರೆ. ಆಮೇಲೆ ಬಚ್ಚಲಿಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡು ನಿಲ್ಲುತ್ತಾರೆ.

ಇಷ್ಟಾದರೂ ನಿನ್ನೆಯ ಭಾನುವಾರ ಪಾಪ್‌ಕಾರ್ನ್ ಕೌಂಟರಿನ ಹತ್ತಿರ ಮಕ್ಕಳ ಸಾಲು ಹಾಗೇ ನಿಂತಿತ್ತು. ಕೇಳಿದರೆ, ಮಾಲೀಕರ ಅಪ್ಪಣೆ, ಫ್ಯಾಮಿಲಿ ಷೋ ಖಾಲಿ ಹೊಡೆಯಬಾರದಂತೆ. ಆಗ ನಾನು ಕನ್ನಡಕದಂಗಡಿಗೂ ತಿಗಣೆ ಔಷಧಿಗೂ ನಡುವೆ ಒಂದು ಹೊಸ ಸ್ಲೈಡು ಸೇರಿಸಿದೆ. ಇಂಟರ್‌ವಲ್ ದೀಪ ಹತ್ತಿತು. ತೆರೆಯ ಮೇಲೆ ಚಿನ್ನದ ಅಂಚಿನ, ಸರ್ಕಾರಿ ಗಾಂಭೀರ್ಯದ ಅಕ್ಷರಗಳು: ‘ಮಾನ್ಯ ಪ್ರೇಕ್ಷಕರೇ, ಈ ಚಿತ್ರ ಹದಿನೆಂಟು ತುಂಬಿದವರಿಗೆ ಮಾತ್ರ. ತುಂಬದವರು ದಯವಿಟ್ಟು ಕೈ ಎತ್ತಿ. ಇಂತಿ, ಆಡಳಿತ ಮಂಡಳಿ.’ ಓದಲು ಬರುವ ಮಕ್ಕಳು ಬಾರದವರಿಗೆ ಓದಿ ಹೇಳಿದರು. ಶಾಲೆಯಲ್ಲಿ ಕಲಿಸಿದ್ದಾರಲ್ಲ, ಥಟ್ಟನೆ ಕೈ ಎತ್ತಿದರು. ಹಾಲಿನ ತುಂಬ ಪುಟ್ಟ ಪುಟ್ಟ ಕೈಗಳು. ಒಬ್ಬ ಭೂಪ ಎರಡೂ ಎತ್ತಿದ್ದ. ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಒಬ್ಬ ತಾಯಿ ಆ ಸ್ಲೈಡನ್ನೇ ದಿಟ್ಟಿಸಿ ನೋಡಿ, ಮಗುವನ್ನು ಸೊಂಟಕ್ಕೇರಿಸಿಕೊಂಡು ಎದ್ದು ಹೋದಳು. ಅವಳ ಹಿಂದೆ ಇನ್ನೊಂದೆರಡು ಸಂಸಾರ. ಉಳಿದವರು? ‘ಇಳಿಸೋ ಕೈನ, ಮಾನ ಕಳೀಬೇಡ’ ಎಂದು ಮಕ್ಕಳ ಕೈ ಎಳೆದು, ಬಾಯಿಗೆ ಪಾಪ್‌ಕಾರ್ನ್ ತುರುಕಿದರು. ಹಿಂದಿನ ಸಾಲಿನಿಂದ ಒಬ್ಬ, ‘ಮುಂದಿನ ಕೊಲೆ ಹಾಕ್ರಪ್ಪಾ, ಟೈಮಾಯ್ತು’ ಅಂದ. ಎಲ್ಲರೂ ನಕ್ಕರು. ಥೂ. ಈ ಜನ್ಮದಲ್ಲಿ ನಾನು ಮಾಡಿದ ತಮಾಷೆಗಳಲ್ಲಿ ಇಷ್ಟು ಅಸಹ್ಯವಾಗಿ ಗೆದ್ದದ್ದು ಬೇರೊಂದಿಲ್ಲ.

ಭಾವ ಬಾಗಿಲಲ್ಲಿ ನಿಂತಿದ್ದರು. ನನ್ನ ಕುತ್ತಿಗೆ ಹಿಡಿಯುತ್ತಾರೆಂದು ಕಾಲರ್ ಸರಿಮಾಡಿಕೊಂಡು ಸಿದ್ಧನಾದೆ. ಅವರು ಹಿಡಿಯಲಿಲ್ಲ. ‘ಗುಬ್ಬಿನೂ ಹೀಗೇ ಎತ್ತಿರೋಳು, ಅಲ್ವಾ’ ಅಂದರು, ನನಗಲ್ಲ, ಗೋಡೆಗೆ. ಸಂಜೆಯ ಷೋಗೆ ತಾವೇ ಗೇಟಿನಲ್ಲಿ ನಿಂತು ಮಕ್ಕಳಿದ್ದವರನ್ನೆಲ್ಲ ವಾಪಸು ಕಳಿಸಿದರು. ಬೈಸಿಕೊಂಡರು. ಒಬ್ಬ ಮಾತ್ರ ಬೈಯದೆ ನಗುನಗುತ್ತಲೇ, ‘ಹೋದ ಸಲ ನಿಮ್ಮ ಮಗಳೇ ನಮ್ಮ ಪಕ್ಕ ಕೂತಿದ್ಳಲ್ಲ ಸ್ವಾಮಿ’ ಎಂದ. ಭಾವ ಗೇಟು ಬಿಡಲಿಲ್ಲ. ಇವತ್ತು ಬೆಳಗ್ಗೆ ಮಾಲೀಕರು ಕರೆಸಿದ್ದಾರೆ, ಭಾವ ಇನ್ನೂ ಬಂದಿಲ್ಲ. ಅವರ ಮೇಲೆ ನನಗಿರುವ ಸಿಟ್ಟು ಸಿಟ್ಟಾಗಿಯೇ ಇದೆ. ಆದರೆ ಅವರಿಗೆಂದು ಅನ್ನ ಮುಚ್ಚಿಟ್ಟಿದ್ದೇನೆ.

ಗೊರಕೆಯ ಅಕ್ಕನವರಿಗೆ ನನ್ನ ಗೌರವಗಳು. ಮೈ ಬೆಚ್ಚಗಿಟ್ಟುಕೋ, ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ತಮ್ಮ,
ಮಾನ್ಯ ಆಡಳಿತ ಮಂಡಳಿ

ಮರೆತಿದ್ದೆ: ಫೋನಿನಲ್ಲಿ ಭಾವ ‘ಮಗು ಮಲಗಿದೆ’ ಅಂದರೆ ನಂಬಬೇಡ, ಅವಳು ಅವರ ಕೈಯಿಂದ ಫೋನು ತೆಗೆದುಕೊಳ್ಳುವುದಿಲ್ಲ, ಅಷ್ಟೇ. ನಿನಗೆ ತಿಳಿಸಬೇಡ, ಓದು ಕೆಡುತ್ತೆ ಎಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾರೆ. ಮುರಿದಿದ್ದೇನೆ. ಇವತ್ತು ನಾನೇ ಗುಬ್ಬಿಯ ತಲೆ ಬಾಚಲು ಹೋದೆ, ಕನ್ನಡಿಯ ಮುಂದೆ, ನನ್ನ ಕೈಗಳು ಅವಳಿಗೆ ಕಾಣುವ ಹಾಗೆ. ಆಗ ಕೇಳಿದಳು: ‘ಮಾವಾ, ಅದನ್ನ ನೋಡೋಕೆ ಹದಿನೆಂಟು ಆಗಬೇಕಂತೆ. ಮರೆಯೋಕೆ ಎಷ್ಟಾಗಬೇಕು?’ ರಜೆ ಕೊಡದಿದ್ದರೆ ಜಗಳವಾಡಿಯಾದರೂ ಬಾ. ನೀನು ಪಕ್ಕದಲ್ಲಿದ್ದರೆ ಅಪ್ಪನಿಗೆ ಬೆನ್ನು ಕೊಡುತ್ತಾಳಂತೆ, ಅವಳೇ ಹೇಳಿದಳು.