ತಪ್ಪು ಮಾಡದವಳ ಪಾಲಿನ ತುತ್ತು

ಗಾಳಿ ಫ್ಯಾನುಗಳ ಠಾಣೆ, ಕಪ್ಪತಗುಡ್ಡದ ಅಡಿ
ಫೆಬ್ರವರಿ ೩೦, ೨೧೮೭

ಹಿಂದಿನವರೇ,

ಈ ತಾರೀಖು ನೋಡಿ ನಗಬೇಡಿ. ತಿಂಗಳುಗಳನ್ನೆಲ್ಲ ಸರಿಸಮ ಮಾಡಿದ ಮೇಲೆ ನಮ್ಮ ಫೆಬ್ರವರಿಗೂ ಮೂವತ್ತು ದಿನ. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಬರೆಯುತ್ತಿರುವ ನನ್ನ ಮನಸ್ಸೂ ಈ ಹೊತ್ತು ನೆಟ್ಟಗಿಲ್ಲ. ಇಪ್ಪತ್ತು ವರ್ಷ ದುಡಿದವರಿಗೆ ಹಿಮ್ಮುಖ ಅಂಚೆಯಲ್ಲಿ, ಅಂದರೆ ಕಳೆದ ಕಾಲಕ್ಕೆ, ಒಂದು ಪತ್ರ ಹಾಕುವ ಹಕ್ಕಿದೆ. ಬೇರೆಯವರು ಮುತ್ತಜ್ಜಿಗೆ ಬರೆಯುತ್ತಾರೆ. ನಾನು ನಿಮ್ಮ ಕಚೇರಿಗಳಿಗೆ ಬರೆಯುತ್ತಿದ್ದೇನೆ, ಏಕೆಂದರೆ ನಿಮ್ಮಲ್ಲಿ ಕೆಲವರು ಈಗಷ್ಟೇ ದುಂಡಾಗಿ ಕೂರುವುದನ್ನು ಕಲಿಯುತ್ತಿದ್ದೀರಂತೆ.

ನಾವು ಅದನ್ನು ದುಂಡು ಎನ್ನುತ್ತೇವೆ. ತಂಡದಲ್ಲಿ ಒಬ್ಬರಿಂದ ತಪ್ಪಾದರೆ ನೋಟಿಸಿಲ್ಲ, ಬೈಗುಳವಿಲ್ಲ. ಏಳೂ ಜನ ಚಾಪೆಯ ಮೇಲೆ ದುಂಡಗೆ ಕೂರುತ್ತೇವೆ. ನೀರು ತುಂಬಿದ ತಾಮ್ರದ ತಂಬಿಗೆ ಕೈಯಿಂದ ಕೈಗೆ ಹೋಗುತ್ತದೆ. ಅದು ಯಾರ ಕೈಯಲ್ಲಿದೆಯೋ ಅವರು ಮಾತ್ರ ಮಾತಾಡಬೇಕು, ಉಳಿದವರು ಕೇಳಬೇಕು. ಯಾರಿಗೆ ನೋವಾಯಿತು, ಹೇಗೆ ಸರಿಮಾಡುವುದು ಎಂಬ ಎರಡೇ ಪ್ರಶ್ನೆ. ಕೊನೆಗೆ ಎಲ್ಲರೂ ತಮ್ಮ ಬುತ್ತಿಯಿಂದ ಒಂದೊಂದು ತುತ್ತು ಮುರಿದು ತಪ್ಪು ಮಾಡಿದವರ ಬಾಯಿಗೆ ಇಡುತ್ತಾರೆ. ರೊಟ್ಟಿ, ಶೇಂಗಾ ಹಿಂಡಿ, ಯಾರದೋ ಮನೆಯ ಝುಣಕ. ನೋಡಲು ಬಹಳ ಚಂದ. ಇಪ್ಪತ್ತು ವರ್ಷ ನಾನು ಬರೀ ನೋಡಿದ್ದೇನೆ, ಏಕೆಂದರೆ ನನ್ನಿಂದ ಒಂದು ತಪ್ಪೂ ಆಗಿರಲಿಲ್ಲ.

ನಮ್ಮ ದ್ಯಾಮಣ್ಣನಿಗೆ ಮಾತ್ರ ವರ್ಷಕ್ಕೆ ನಾಲ್ಕು ದುಂಡು. ಫ್ಯಾನಿನ ಕಂಬ ಏರುವುದರಲ್ಲಿ ಅವನನ್ನು ಮೀರಿಸುವವರಿಲ್ಲ, ಮರೆಯುವುದರಲ್ಲೂ ಇಲ್ಲ. ನಟ್ಟು ಬಿಗಿಯುವ ಪಾನಾ ಮೇಲೆಯೇ ಬಿಟ್ಟು ಬರುತ್ತಾನೆ, ತಂಬಿಗೆ ಹಿಡಿದು ಅಳುತ್ತಾನೆ. ಅವನ ತಾಯಿಯ ಮೊಣಕಾಲು ನೋವು, ಹೆಂಡತಿಯ ಮುನಿಸು ಎಲ್ಲ ನಮಗೆ ಗೊತ್ತು. ಅವನೆಂದರೆ ಎಲ್ಲರಿಗೂ ಜೀವ. ನನ್ನ ತಂಗಿ ತೀರಿಹೋದದ್ದು ಈ ತಂಡದಲ್ಲಿ ಯಾರಿಗೂ ಗೊತ್ತಿಲ್ಲ. ತಂಬಿಗೆ ನನ್ನ ಕೈಗೆ ಬಂದಾಗಲೆಲ್ಲ ನಾನು ದ್ಯಾಮಣ್ಣನ ಬಗ್ಗೆಯೇ ಮಾತಾಡಬೇಕಿತ್ತು. ಅಳುವ ಕೂಸಿಗೇ ಹಾಲು ಎಂಬುದು ನಿಮ್ಮ ಕಾಲದಲ್ಲೂ ಇದ್ದ ಗಾದೆಯಲ್ಲವೇ? ಇದು ಹೊಟ್ಟೆಕಿಚ್ಚು, ಬೇರೆ ಹೆಸರು ಬೇಡ. ನಿಮ್ಮ ಮೇಲೂ ಇದೆ. ನೀವು ಕಚೇರಿಯ ಗೋಡೆಗೆ ತಿಂಗಳಿಗೊಬ್ಬ ಉತ್ತಮ ನೌಕರನ ಫೋಟೊ ತೂಗುಹಾಕುತ್ತೀರಂತೆ. ಅಂಥದ್ದೊಂದು ಹಳೆಯ ಕಡತದಲ್ಲಿ ಸಿಕ್ಕಿತು. ತಲೆ ಬಾಚಿಕೊಂಡು ಹಲ್ಲು ಕಿರಿದಿದ್ದ ಆ ಮನುಷ್ಯನನ್ನು ಕಂಡು ಒಂದು ವಾರ ಉರಿದುಕೊಂಡೆ.

ಈ ತಿಂಗಳ ಮೊದಲ ವಾರ ನನ್ನ ಬುದ್ಧಿ ಕೆಟ್ಟಿತು. ದ್ಯಾಮಣ್ಣ ಏಳನೇ ಫ್ಯಾನಿಗೆ ಗ್ರೀಸು ತುಂಬಿ ಇಳಿದ ಮೇಲೆ ನಾನು ಏರಿ ಗ್ರೀಸು ಡಬ್ಬಿಯ ಮುಚ್ಚಳ ಸಡಿಲಿಸಿದೆ. ತಪ್ಪು ನನ್ನದೆಂದು ಹೇಳಿದರೆ ನನಗೂ ಒಂದು ದುಂಡು ಆದೀತು ಎಂಬ ಆಸೆ, ಅಷ್ಟೇ. ಗ್ರೀಸು ಸೋರಿ, ಫ್ಯಾನು ಕಾದು ನಿಂತಿತು. ಕರೆಂಟಿಲ್ಲದೆ ಕೆಳಗಿನ ಎರಡು ಊರುಗಳ ನೀರಿನ ಪಂಪು ಅರ್ಧ ದಿನ ನಡೆಯಲಿಲ್ಲ, ಬಸುರಿಯರೂ ಕೊಡ ಹೊತ್ತರು. ಚಾಪೆ ಹಾಸಿದರು. ನಾನು ಕೈ ಚಾಚುವ ಮೊದಲೇ ದ್ಯಾಮಣ್ಣ ತಂಬಿಗೆ ಎತ್ತಿಕೊಂಡ. “ನಂದ ತಪ್ಪರೀ. ಮುಚ್ಚಳ ಬಿಗಿ ಮಾಡೂದ ಮರತಿರಬೇಕ. ಇನ್ನ ಒಂದ ವರ್ಷ ನಾ ಕಂಬ ಏರೂದಿಲ್ಲ” ಎಂದ. ಮರೆಯುವುದು ಎಷ್ಟು ರೂಢಿಯೆಂದರೆ ಅವನಿಗೇ ಅನುಮಾನ ಬರಲಿಲ್ಲ. ಎಲ್ಲರೂ ಅವನಿಗೆ ತುತ್ತಿಟ್ಟರು. ನಾನೂ ಇಟ್ಟೆ.

ಅಂದಿನಿಂದ ಅವನಿಗೆ ತನ್ನ ಕೈಗಳ ಮೇಲೆ ನಂಬಿಕೆ ಹೋಯಿತು. ಬುತ್ತಿಯ ಡಬ್ಬಿ ಮುಚ್ಚಿ, ತೆಗೆದು, ಮತ್ತೆ ಮುಚ್ಚುತ್ತಿದ್ದ. “ನೀಲಕ್ಕಾರ, ಒಮ್ಮೆ ನೋಡ್ರಿ, ಬಿಗಿ ಐತಲ್ರಿ?” ಎಂದು ನನ್ನನ್ನೇ ಕೇಳುತ್ತಿದ್ದ. ಇಪ್ಪತ್ತೆರಡು ದಿನ ನೋಡಿದೆ. ಇನ್ನೂ ಸುಮ್ಮನಿದ್ದರೆ ಈ ಮನುಷ್ಯ ಮತ್ತೆಂದೂ ಕಂಬ ಮುಟ್ಟುವುದಿಲ್ಲ ಎನಿಸಿತು.

ಇಂದು ಮುಂಜಾನೆ ನಾನೇ ದುಂಡು ಕರೆದು ಎಲ್ಲ ಹೇಳಿದೆ, ಹೊಟ್ಟೆಕಿಚ್ಚಿನ ಸಮೇತ. ತಂಬಿಗೆ ದ್ಯಾಮಣ್ಣನ ಕೈಗೆ ಹೋಯಿತು. “ಹಂಗಾರ ನಾ ಮುಚ್ಚಳ ಬಿಗಿ ಮಾಡಿದ್ನೇನ್ರಿ?” ಎಂದ. ಹೌದೆಂದು ತಲೆಯಾಡಿಸಿದೆ. “ಮಾಡಿದ್ನಿ” ಎಂದು ತನಗೆ ತಾನೇ ಹೇಳಿಕೊಂಡು, ತಂಬಿಗೆ ಕೆಳಗಿಟ್ಟು ಎದ್ದು ನೇರ ಕಂಬದ ಕಡೆ ನಡೆದ. “ಬೆಲ್ಟ ಹಾಕ್ಕೊಳೋ ದ್ಯಾಮಣ್ಣಾ!” ಎಂದು ಕೂಗುತ್ತ ನಮ್ಮ ಮುಖ್ಯಸ್ಥೆ ಮೆಹಬೂಬಿ ಓಡಿದಳು, ಅವಳ ಹಿಂದೆ ಉಳಿದವರೂ ಓಡಿದರು. ನನಗೆ ಯಾರೂ ತುತ್ತಿಡಲಿಲ್ಲ, ಬೈಯಲೂ ಇಲ್ಲ. ಬುತ್ತಿಗಳು ಬಿಚ್ಚಿದ ಹಾಗೆಯೇ ಇವೆ. ಅವುಗಳ ನಡುವೆ ಕೂತು ಇದನ್ನು ಬರೆಯುತ್ತಿದ್ದೇನೆ.

ನಿಮ್ಮಲ್ಲಿ ಒಂದು ಕೇಳಿಕೆ. ದುಂಡಾಗಿ ಕೂರಿ, ಖಂಡಿತ ಕೂರಿ. ಅದಕ್ಕಿಂತ ಒಳ್ಳೆಯದನ್ನು ನಾವು ಇನ್ನೂ ಕಂಡಿಲ್ಲ. ಆದರೆ ತಪ್ಪಾಗಲಿ ಎಂದು ಕಾಯಬೇಡಿ. ಏನೂ ಆಗದ ಒಂದು ದಿನ, ಹೊತ್ತಿಗೆ ಸರಿಯಾಗಿ ಬಂದು ಹೋಗುವವರ ಕೈಗೂ ತಂಬಿಗೆ ಕೊಟ್ಟು, ಮನೆಯಲ್ಲಿ ಎಲ್ಲ ಹೇಗಿದ್ದಾರೆ ಎಂದು ಕೇಳಿ. ಕೇಳದಿದ್ದರೆ ಅಂಥವರು ಏನು ಮಾಡಿಯಾರೆಂದು ಈಗ ನಿಮಗೆ ಗೊತ್ತಾಗಿದೆ.

ಹೊರಗೆ ಚಪ್ಪಾಳೆ ಕೇಳಿಸುತ್ತಿದೆ. ದ್ಯಾಮಣ್ಣ ಕಂಬದ ತುದಿ ಮುಟ್ಟಿರಬೇಕು. ಹೊಟ್ಟೆ ಇನ್ನೂ ಉರಿಯುತ್ತಿದೆ, ಸುಳ್ಳು ಹೇಳುವುದಿಲ್ಲ. ಆದರೂ ಪತ್ರ ಇಲ್ಲಿಗೆ ನಿಲ್ಲಿಸುತ್ತೇನೆ; ಅವನು ಮೇಲೆ ನಿಂತಿರುವುದನ್ನು ನಾನೂ ನೋಡಬೇಕು.

ನೀಲಗಂಗಾ