ಬಿಸಿಲು ತಿಂದ ಕೆಂಪು

ಅಂಚೆಚೀಟಿ ಪರೀಕ್ಷಿಸುವ ಸಾಹೇಬರಿಗೆ,

ನಮಸ್ಕಾರ. ನನ್ನ ತಮ್ಮ ತಂದುಕೊಟ್ಟ ಲಕೋಟೆಯ ಹೂವಿನ ಚೀಟಿಯಲ್ಲಿ ಕೆಂಪು ಬಣ್ಣವೇ ಅಚ್ಚಾಗಿಲ್ಲ, ಇದು ಅಪರೂಪದ ಅಸಲಿ ಅಚ್ಚಿನ ತಪ್ಪು, ಇಂಥದಕ್ಕೆ ಬೆಲೆ ಹೆಚ್ಚು ಎಂದು ನೀವು ಬರೆದುಕೊಟ್ಟಿದ್ದೀರಿ. ಅದು ಅಮ್ಮ ನನಗೆ ಬರೆದ ಕೊನೆಯ ಕಾಗದದ ಲಕೋಟೆ. ನನ್ನನ್ನು ಕೇಳದೆ ಅವನು ಎತ್ತಿಕೊಂಡು ಬಂದ. ಕಾಗದ ನನ್ನ ಕೈಸೇರಿದ ದಿನ ಆ ಹೂವು ಕೆಂಪಗಿತ್ತು. ದೇವರ ಕೋಣೆಯ ಕಿಟಕಿಯಲ್ಲಿ ಒಂಬತ್ತು ವರ್ಷ ಇಟ್ಟಿದ್ದೆ, ಬಿಸಿಲು ಬಣ್ಣ ತಿಂದಿತು. ಮೊನ್ನೆ ಅಂಗಡಿಗೆ ಬಂದು ಇಷ್ಟನ್ನೂ ಹೇಳಿದರೆ, "ನಿಮಗೇನ್ ಗೊತ್ತಾಗುತ್ತಮ್ಮಾ, ಮನೆಗೆ ಹೋಗಿ ಪೂಜೆ ಮಾಡ್ಕೊಳ್ಳಿ" ಎಂದು ನಕ್ಕಿರಿ. ಅಲ್ಲೇ ಕೂತಿದ್ದ ನನ್ನ ತಮ್ಮನೂ ಹಲ್ಲು ಕಿರಿದ.

ನಿಮ್ಮ ಭೂತಗನ್ನಡಿ ಪಕ್ಕಕ್ಕಿಡಿ. ಜಾಗ ಉಳಿಸಲು ಅಮ್ಮ ಒಂದು ಚೀಟಿಯ ಅಂಚಿನ ಮೇಲೆ ಇನ್ನೊಂದನ್ನು ಹತ್ತಿಸಿ ಅಂಟಿಸುತ್ತಿದ್ದಳು. ಪಕ್ಕದ ನೀಲಿ ಚೀಟಿಯನ್ನು ಒದ್ದೆ ಮಾಡಿ ಬಿಡಿಸಿ. ಅದರಡಿ ಮುಚ್ಚಿಹೋದ ಎಸಳು ಇಂದಿಗೂ ಕೆಂಪಗೇ ಇರುತ್ತದೆ.

ನಿಮ್ಮ ಮಾತು ನಂಬಿ ನಿವೃತ್ತ ಮೇಷ್ಟ್ರೊಬ್ಬರು ಸೋಮವಾರ ಅದನ್ನು ಕೊಳ್ಳಲು ಬರುತ್ತಾರಂತೆ. ಅಷ್ಟರೊಳಗೆ ಬರೆದುಕೊಟ್ಟಿದ್ದನ್ನು ಹರಿದು, ಲಕೋಟೆ ನನಗೆ ಕಳಿಸಿ. ಇಲ್ಲವಾದರೆ ಅವರಿಗಿಂತ ಮೊದಲೇ ಬಂದು ನಿಮ್ಮ ಅಂಗಡಿಯ ಮೆಟ್ಟಿಲ ಮೇಲೆ ಕೂತಿರುತ್ತೇನೆ. ನನ್ನ ತಮ್ಮ ನನ್ನ ಜೊತೆ ಮಾತು ಬಿಟ್ಟರೆ ಬಿಡಲಿ. ಅಮ್ಮನ ಕಾಗದ ತೋರಿಸಿ ಒಬ್ಬರಿಗೆ ಮೋಸ ಮಾಡಿದ ಮೇಲೆ ದೇವರ ಮುಂದೆ ಯಾವ ಮುಖ ಹೊತ್ತು ದೀಪ ಹಚ್ಚಲಿ?

ಇಂತಿ,
ಆ ಲಕೋಟೆಯ ಮೇಲೆ ಯಾರ ಹೆಸರಿದೆಯೋ ಅವಳು